ಎಂಟು ಬ್ಯಾಟರಿಗಳ ಪುಟ್ಟ ಕಾರು

ರೇವಾ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ಪುಟ್ಟ ವಿದ್ಯುತ್ ಕಾರು. ಉದ್ದ 2,638 ಮಿ.ಮೀ., ಅಗಲ 1,324 ಮಿ.ಮೀ. ಮಾರುತಿ 800 ಕಾರಿನ ಪಕ್ಕದಲ್ಲಿ ನಿಲ್ಲಿಸಿದರೆ ಎರಡು ಅಡಿಗೂ ಹೆಚ್ಚು ಗಿಡ್ಡ. ಬಾಗಿಲು ಎರಡೇ. ಮುಂದೆ ಇಬ್ಬರು ದೊಡ್ಡವರು ಕೂರಬಹುದು, ಹಿಂದಿನ ಕಿರುಸೀಟಿನಲ್ಲಿ ಇಬ್ಬರು ಮಕ್ಕಳು. ಮೊದಲ ಮಾದರಿಯ ಗರಿಷ್ಠ ವೇಗ ಗಂಟೆಗೆ ಸುಮಾರು 65 ಕಿ.ಮೀ., ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಕ್ರಮಿಸುವ ದೂರ ಸುಮಾರು 80 ಕಿ.ಮೀ. ಇಂದು ವಿದ್ಯುತ್ ಕಾರಿನ ಬಗ್ಗೆ ಮಾತೆತ್ತಿದರೆ 400, 500 ಕಿ.ಮೀ. ಎಂಬ ಸಂಖ್ಯೆಗಳೇ ಮೊದಲು ಬರುತ್ತವೆ. ಅವುಗಳ ಮುಂದೆ ರೇವಾದ ಸಾಮರ್ಥ್ಯ ತೀರಾ ಕಡಿಮೆ ಎನಿಸುತ್ತದೆ. ಆದರೆ ವಿದ್ಯುತ್ ಕಾರು ಪರಿಸರಕ್ಕೆ ನಿಜವಾಗಿ ಎಷ್ಟು ಉಪಕಾರಿ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇಷ್ಟು ಚಿಕ್ಕ ಕಾರೇ ಸರಿಯಾದ ಉದಾಹರಣೆ. ಆ ಉಪಕಾರದ ಬಹುಪಾಲು ಅದರ ಗಾತ್ರದಲ್ಲೇ ಅಡಗಿದೆ.

ರೇವಾ ಹುಟ್ಟಿದ್ದು ಬೆಂಗಳೂರಿನ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿ 1994ರಲ್ಲಿ ಮಾಡಿಕೊಂಡ ಜಂಟಿ ಉದ್ಯಮದಲ್ಲಿ. ಅದರ ರೂವಾರಿ ಚೇತನ್ ಮೈನಿ ಬೆಂಗಳೂರಿನವರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಗ ಅಲ್ಲಿನ ಸೌರ ಕಾರು ತಂಡದಲ್ಲಿದ್ದರು. ಆ ತಂಡದ ‘ಸನ್‌ರನ್ನರ್’ ಕಾರು 1990ರಲ್ಲಿ ಅಮೆರಿಕದ ವಿದ್ಯಾರ್ಥಿ ಸೌರ ಕಾರು ಸ್ಪರ್ಧೆಯನ್ನು ಗೆದ್ದು, ಅದೇ ವರ್ಷ ಆಸ್ಟ್ರೇಲಿಯಾವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟುವ ಮೂರು ಸಾವಿರ ಕಿ.ಮೀ. ಪಂದ್ಯದಲ್ಲಿ ಮೂರನೇ ಸ್ಥಾನ ಪಡೆಯಿತು. ಬಿಸಿಲಿನಿಂದ ಸಿಗುವ ಅಲ್ಪ ವಿದ್ಯುತ್ತಿನಲ್ಲೇ ಒಂದು ಖಂಡವನ್ನು ದಾಟಬೇಕಾದ ವಾಹನದಲ್ಲಿ ಒಂದು ಕಿಲೋ ಹೆಚ್ಚುವರಿ ತೂಕವೂ ಹೊರೆಯೇ. ಅಲ್ಲಿ ಕಲಿತ ಆ ಪಾಠ ಬೊಮ್ಮಸಂದ್ರದ ಕಾರಿನ ಉದ್ದಗಲಕ್ಕೂ ಕಾಣುತ್ತದೆ.

ಕಾರಿನ ಮೂಳೆಗಟ್ಟು ಉಕ್ಕಿನ ಕೊಳವೆಗಳದು. ಅದರ ಮೇಲೆ ಹೊದಿಸಿದ್ದು ಎಬಿಎಸ್ ಪ್ಲಾಸ್ಟಿಕ್ಕಿನ ಹಲಗೆಗಳು. ಬಣ್ಣವನ್ನು ಮೇಲೆ ಬಳಿಯದೆ ಪ್ಲಾಸ್ಟಿಕ್ಕಿನ ಒಳಗೇ ಬೆರೆಸಿದ್ದರಿಂದ ಗೀರು ಬಿದ್ದರೂ ಒಳಗೆ ಅದೇ ಬಣ್ಣ. ಸಣ್ಣ ಪೆಟ್ಟಿಗೆ ತಗಡಿನಂತೆ ತಗ್ಗು ಬೀಳುವುದೂ ಇಲ್ಲ. ಹೀಗಾಗಿ ಕಾರ್ಖಾನೆಗಳಲ್ಲಿ ಸಾಕಷ್ಟು ಶಕ್ತಿಯನ್ನೂ ರಾಸಾಯನಿಕ ದ್ರಾವಕಗಳನ್ನೂ ಬಳಸಿಕೊಳ್ಳುವ ಪೇಂಟ್ ವಿಭಾಗದ ಕೆಲಸ ಇಲ್ಲಿ ಬಹಳಷ್ಟು ತಪ್ಪಿತು. ಮುಂದಿನ ಸೀಟುಗಳ ಕೆಳಗೆ ಆರು ವೋಲ್ಟಿನ ಎಂಟು ಬ್ಯಾಟರಿಗಳು ಸಾಲಾಗಿ ಕುಳಿತಿದ್ದವು. ಅವು ಮನೆಯ ಯುಪಿಎಸ್‌ನಲ್ಲಿರುವಂಥ ಸೀಸ ಮತ್ತು ಆಮ್ಲದ ಬ್ಯಾಟರಿಗಳ ಜಾತಿಯವು. ಆಗಾಗ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕಬೇಕಿತ್ತು. ಇಡೀ ಕಾರಿನ ತೂಕ 665 ಕಿಲೋ ಆಸುಪಾಸು, ಅದರಲ್ಲಿ ಸುಮಾರು 270 ಕಿಲೋ ಬ್ಯಾಟರಿಯದೇ. ಕ್ಲಚ್ ಇಲ್ಲ, ಗೇರು ಬದಲಿಸುವ ಗೋಜಿಲ್ಲ, ರೇಡಿಯೇಟರ್ ಇಲ್ಲ, ಸೈಲೆನ್ಸರ್ ಇಲ್ಲ, ಬದಲಿಸಿ ಚೆಲ್ಲಬೇಕಾದ ಎಂಜಿನ್ ಆಯಿಲ್ಲೂ ಇಲ್ಲ. ಚಾರ್ಜ್ ಮಾಡಲು ವಿಶೇಷ ಕೇಂದ್ರ ಬೇಕಿರಲಿಲ್ಲ, ಗೀಸರಿಗೆ ಹಾಕಿಸುವಂಥ 15 ಆಂಪಿಯರ್ ಸಾಕೆಟ್ ಸಾಕಿತ್ತು. ರಾತ್ರಿ ಚುಚ್ಚಿಟ್ಟರೆ ಎಂಟು ಗಂಟೆಯಲ್ಲಿ ಪೂರ್ತಿ ಚಾರ್ಜ್. ಎರಡೂವರೆ ಗಂಟೆಗೇ ಶೇ 80ರಷ್ಟು ತುಂಬುತ್ತಿತ್ತು.

ಈಗ ಲೆಕ್ಕಕ್ಕೆ ಬರಬಹುದು. ಆರು ವೋಲ್ಟಿನ ಎಂಟು ಬ್ಯಾಟರಿ ಸೇರಿ 48 ವೋಲ್ಟ್, ಒಂದೊಂದರ ಸಾಮರ್ಥ್ಯ 200 ಆಂಪಿಯರ್-ಗಂಟೆ. ಎರಡನ್ನೂ ಗುಣಿಸಿದರೆ 9.6 ಯೂನಿಟ್. ವಿದ್ಯುತ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು. ಸೀಸದ ಬ್ಯಾಟರಿ ಚಾರ್ಜಾಗುವಾಗ ಒಂದಿಷ್ಟು ವಿದ್ಯುತ್ ಬಿಸಿಯಾಗಿ ಹೋಗುತ್ತದೆ. ಅದನ್ನೂ ಸೇರಿಸಿ ಮೀಟರಿನಲ್ಲಿ 12 ಯೂನಿಟ್ ಓಡಿತೆಂದು ಧಾರಾಳವಾಗಿ ಹಿಡಿದರೂ 80 ಕಿ.ಮೀ.ಗೆ ಹಂಚಿದಾಗ ಕಿಲೋಮೀಟರಿಗೆ 0.15 ಯೂನಿಟ್. ಇನ್ನು ಪೆಟ್ರೋಲ್. ಒಂದು ಲೀಟರಿನಲ್ಲಿ ಅಡಗಿರುವ ಶಕ್ತಿ ಸುಮಾರು ಒಂಬತ್ತು ಯೂನಿಟ್ಟಿಗೆ ಸಮ. ನಗರದ ಓಡಾಟದಲ್ಲಿ ಲೀಟರಿಗೆ 15 ಕಿ.ಮೀ. ಕೊಡುವ ಸಣ್ಣ ಪೆಟ್ರೋಲ್ ಕಾರು ಕಿಲೋಮೀಟರಿಗೆ 0.6 ಯೂನಿಟ್ ನುಂಗುತ್ತದೆ. ಅಂದರೆ ಅದೇ ರಸ್ತೆಯಲ್ಲಿ ಅದೇ ಕೆಲಸಕ್ಕೆ ನಾಲ್ಕು ಪಟ್ಟು.

ಈ ನಾಲ್ಕು ಪಟ್ಟು ಎಲ್ಲಿ ಹೋಗುತ್ತದೆ ಎಂಬುದಕ್ಕೆ ಉತ್ತರ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟರೆ ಗೊತ್ತಾಗುತ್ತದೆ. ಪೆಟ್ರೋಲ್ ಎಂಜಿನ್ ಮೊದಲು ಬೆಂಕಿ, ಆಮೇಲೆ ಚಲನೆ. ಉರಿದ ಇಂಧನದ ಶಕ್ತಿಯಲ್ಲಿ ಐದನೇ ಒಂದು ಅಥವಾ ನಾಲ್ಕನೇ ಒಂದು ಪಾಲು ಮಾತ್ರ ಚಕ್ರಕ್ಕೆ ತಲುಪುತ್ತದೆ. ಉಳಿದದ್ದು ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ ಬಿಸಿಯಾಗಿ ಹೊರಬೀಳುತ್ತದೆ. ಬೇಸಿಗೆಯ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ಕಾರುಗಳ ನಡುವೆ ಸ್ಕೂಟರ್ ನಿಲ್ಲಿಸಿದವರಿಗೆ ಈ ಬಿಸಿ ಚೆನ್ನಾಗಿ ಪರಿಚಯ. ವಿದ್ಯುತ್ ಮೋಟಾರಿನಲ್ಲಿ ಬೆಂಕಿಯೇ ಇಲ್ಲ. ತಂತಿ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಹುಟ್ಟುವ ಕಾಂತಬಲ ನೇರವಾಗಿ ದಂಡವನ್ನು ತಿರುಗಿಸುತ್ತದೆ. ಒಳ್ಳೆಯ ಮೋಟಾರು ತನಗೆ ಬಂದ ವಿದ್ಯುತ್ತಿನಲ್ಲಿ ಶೇ 90ರ ಹತ್ತಿರದಷ್ಟನ್ನು ಚಲನೆಯಾಗಿ ಬದಲಿಸುತ್ತದೆ.

ನಗರದಲ್ಲಿ ಈ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಾಲುಗಟ್ಟಿ ನಿಂತ ಪೆಟ್ರೋಲ್ ಕಾರು ಒಂದಡಿಯೂ ಮುಂದೆ ಹೋಗದೆ ಇಂಧನ ಸುಡುತ್ತಿರುತ್ತದೆ. ವಿದ್ಯುತ್ ಕಾರು ನಿಂತರೆ ಮೋಟಾರೂ ನಿಂತಿತು. ಬ್ರೇಕ್ ಒತ್ತಿದಾಗ ನಡೆಯುವುದು ಇನ್ನೂ ಸೊಗಸಾದ ಸಂಗತಿ. ಮಾಮೂಲಿ ಕಾರಿನಲ್ಲಿ ವೇಗವೆಲ್ಲ ಬ್ರೇಕಿನ ತಿಕ್ಕಾಟದಲ್ಲಿ ಶಾಖವಾಗಿ ಹಾಳಾಗುತ್ತದೆ. ವಿದ್ಯುತ್ ಕಾರಿನಲ್ಲಿ ಅದೇ ಕ್ಷಣ ಮೋಟಾರು ಡೈನಮೋ ಆಗಿ ಬದಲಾಗಿ, ಓಡುತ್ತಿರುವ ಚಕ್ರದಿಂದ ವಿದ್ಯುತ್ ಹುಟ್ಟಿಸಿ ಬ್ಯಾಟರಿಗೆ ಹಿಂತಿರುಗಿಸುತ್ತದೆ. ಆ ಎಳೆತಕ್ಕೇ ಕಾರು ನಿಧಾನವಾಗುತ್ತದೆ. ರೇವಾದಲ್ಲೂ ಈ ಏರ್ಪಾಡಿತ್ತು. ಹೆಜ್ಜೆಗೊಮ್ಮೆ ನಿಂತು ಹೊರಡುವ ಊರೊಳಗಿನ ಸಂಚಾರ ಪೆಟ್ರೋಲ್ ಕಾರಿಗೆ ಅತಿ ದುಬಾರಿಯಾದರೆ ವಿದ್ಯುತ್ ಕಾರಿಗೆ ಅದೇ ಹೇಳಿ ಮಾಡಿಸಿದ ಜಾಗ.

ಹಾಗಾದರೆ ಆ ವಿದ್ಯುತ್ ಎಲ್ಲಿಂದ ಬಂತು? ಈ ಪ್ರಶ್ನೆ ರೇವಾ ಬಂದಾಗಲೂ ಇತ್ತು, ಈಗಲೂ ಇದೆ, ಕೇಳಲೇಬೇಕಾದದ್ದೂ ಹೌದು. ಭಾರತದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಇಂದಿಗೂ ಕಲ್ಲಿದ್ದಲಿನದು. ಕಾರಿನ ಹಿಂಭಾಗದಲ್ಲಿ ಹೊಗೆ ಕಾಣದಿದ್ದರೂ ಎಲ್ಲೋ ದೂರದ ಚಿಮಣಿಯಲ್ಲಿ ಕಾಣುತ್ತದೆ. ದೇಶದ ಜಾಲದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕಿಲೋ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ. ಮುಕ್ಕಾಲು ಕಿಲೋ ತೂಗುವ ದ್ರವದಿಂದ 2.3 ಕಿಲೋ ಅನಿಲ ಬರುವುದು ಹೇಗೆ ಎಂದು ಯಾರಿಗಾದರೂ ಅನಿಸೀತು. ಪೆಟ್ರೋಲಿನ ಇಂಗಾಲ ಗಾಳಿಯ ಆಮ್ಲಜನಕವನ್ನು ಜೊತೆಗೆ ಕಟ್ಟಿಕೊಂಡೇ ಹೊರಹೋಗುತ್ತದೆ, ತೂಕ ಹೆಚ್ಚುವುದು ಅದರಿಂದ.

ಇಂದಿನ ಲಿಥಿಯಂ ಬ್ಯಾಟರಿಯ ಸಣ್ಣ ವಿದ್ಯುತ್ ಕಾರು, ಚಾರ್ಜಿಂಗ್ ನಷ್ಟವೂ ಸೇರಿ, ಕಿಲೋಮೀಟರಿಗೆ 0.12 ಯೂನಿಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿದರೆ 1,200 ಯೂನಿಟ್. ತಂತಿಯಲ್ಲಿ ಸೋರಿಹೋಗುವ ಪಾಲನ್ನೂ ಸೇರಿಸಿದರೆ ಅದರ ಹೆಸರಿನಲ್ಲಿ ವರ್ಷಕ್ಕೆ ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡ್. ಅಷ್ಟೇ ದೂರ ಓಡುವ ಪೆಟ್ರೋಲ್ ಕಾರು 667 ಲೀಟರ್ ಸುಟ್ಟು ಒಂದೂವರೆ ಟನ್ ಉಗುಳುತ್ತದೆ. ಕಚ್ಚಾ ತೈಲವನ್ನು ಮೇಲೆತ್ತಿ, ಹಡಗಿನಲ್ಲಿ ತಂದು, ಶುದ್ಧೀಕರಿಸಿ, ಟ್ಯಾಂಕರಿನಲ್ಲಿ ಬಂಕಿಗೆ ಮುಟ್ಟಿಸುವಷ್ಟರಲ್ಲಿ ಆದ ಖರ್ಚು ಅದರ ಮೇಲೆ. ಎಲ್ಲ ಸೇರಿ ಒಂದು ಮುಕ್ಕಾಲು ಟನ್ನಿನ ಸುಮಾರು. ಕಲ್ಲಿದ್ದಲು ಇಷ್ಟು ಪ್ರಬಲವಾಗಿರುವ ದೇಶದಲ್ಲೂ ಸಣ್ಣ ವಿದ್ಯುತ್ ಕಾರು ವರ್ಷಕ್ಕೆ ಮುಕ್ಕಾಲು ಟನ್ನಿನಷ್ಟು ಕಡಿಮೆ ಮಾಡುತ್ತದೆ ಎಂಬುದು ಚಿಕ್ಕ ಮಾತಲ್ಲ.

ಕರ್ನಾಟಕದಲ್ಲಿ ಲೆಕ್ಕ ಇನ್ನೂ ಹಗುರ. ಈ ನಾಡಿಗೆ ವಿದ್ಯುತ್ ಬಂದದ್ದೇ ನೀರಿನಿಂದ. 1902ರಲ್ಲಿ ಶಿವನಸಮುದ್ರದ ಕಾವೇರಿ ಧಾರೆ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಆಮೇಲೆ 1,035 ಮೆಗಾವಾಟಿನ ಶರಾವತಿ ಬಂತು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದವು. ಮಳೆ ಕೈಕೊಟ್ಟ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಹರಡಿಕೊಂಡಿದೆ. ರಾಜ್ಯದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಗಾಳಿ, ಬಿಸಿಲಿನದು. ಹಾಗೆಂದು ರಾಯಚೂರು, ಬಳ್ಳಾರಿಯ ಉಷ್ಣ ಸ್ಥಾವರಗಳು ನಿಂತಿಲ್ಲ, ಸೂರ್ಯ ಮುಳುಗಿದ ಮೇಲೆ ಅವುಗಳ ಮೇಲೇ ಭಾರ ಬೀಳುತ್ತದೆ. ಆದ್ದರಿಂದ ಕಾರನ್ನು ಯಾವ ಹೊತ್ತಿಗೆ ಚಾರ್ಜ್ ಮಾಡಲಾಗುತ್ತದೆ ಎಂಬುದೂ ಮುಖ್ಯ. ಕಚೇರಿಯ ಪಾರ್ಕಿಂಗಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಚುಚ್ಚಿದ ಕಾರಿಗೆ ಬಿಸಿಲಿನ ವಿದ್ಯುತ್ ಸಿಗುವ ಸಾಧ್ಯತೆ ಹೆಚ್ಚು, ಸಂಜೆ ಏಳಕ್ಕೆ ಮನೆಗೆ ಬಂದು ಚುಚ್ಚಿದ ಕಾರಿಗೆ ಕಲ್ಲಿದ್ದಲಿನದು. ಕೆಲಸದ ಜಾಗದಲ್ಲಿ ಸಾಕೆಟ್ಟುಗಳನ್ನು ಹೆಚ್ಚಿಸುವುದು ದೊಡ್ಡ ಖರ್ಚಿಲ್ಲದೆ ದೊಡ್ಡ ಪ್ರಯೋಜನ ಕೊಡುವ ಕೆಲಸ. ಪೆಟ್ರೋಲ್ ಕಾರು ಹಳತಾದಂತೆ ಹೊಗೆ ಹೆಚ್ಚುತ್ತದೆ. ವಿದ್ಯುತ್ ಕಾರು ಮಾತ್ರ ಜಾಲಕ್ಕೆ ಸೌರ, ಪವನ ವಿದ್ಯುತ್ ಸೇರಿದಷ್ಟೂ ವರ್ಷದಿಂದ ವರ್ಷಕ್ಕೆ ಶುದ್ಧವಾಗುತ್ತ ಹೋಗುತ್ತದೆ.

ಇಂಗಾಲದ ಲೆಕ್ಕ ಭೂಮಿಯ ಮಟ್ಟದ್ದು. ಬೀದಿಯ ಮಟ್ಟದಲ್ಲಿ ಇನ್ನೊಂದು ಲೆಕ್ಕವಿದೆ, ಅದು ಹೆಚ್ಚು ಹತ್ತಿರದ್ದು. ಸೈಲೆನ್ಸರಿನ ಬಾಯಿ ನೆಲದಿಂದ ಒಂದಡಿ ಎತ್ತರದಲ್ಲಿರುತ್ತದೆ. ಅಮ್ಮನ ಕೈ ಹಿಡಿದು ಶಾಲೆಯ ಗೇಟಿನ ಮುಂದೆ ನಿಂತ ಮಗುವಿನ ಮೂಗು ಅದರಿಂದ ಎರಡಡಿ ಮೇಲೆ. ಕಾರ್ಬನ್ ಮಾನಾಕ್ಸೈಡ್, ಸಾರಜನಕದ ಆಕ್ಸೈಡುಗಳು, ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳು ಹೊರಬೀಳುವುದು ಜನ ಉಸಿರಾಡುವ ಈ ಎತ್ತರದಲ್ಲೇ. ಇಡೀ ದಿನ ಚೌಕದ ನಡುವೆ ನಿಲ್ಲುವ ಸಂಚಾರ ಪೊಲೀಸರು, ಫುಟ್‌ಪಾತಿನ ಹೂವಿನವರು, ಕಿಟಕಿಯಿಲ್ಲದ ಆಟೋದಲ್ಲಿ ಕೂತವರು ಇದರ ಮೊದಲ ಬಲಿ. ವಿದ್ಯುತ್ ಕಾರು ಈ ಹೊಗೆಯನ್ನು ಬೀದಿಯಿಂದ ಪೂರ್ತಿ ತೆಗೆದುಹಾಕುತ್ತದೆ. ಸ್ಥಾವರದ ಚಿಮಣಿಯ ಹೊಗೆಯೂ ಹೊಗೆಯೇ, ಅದರ ಸುತ್ತಲಿನ ಹಳ್ಳಿಗಳವರು ಬೆಲೆ ತೆರುತ್ತಿದ್ದಾರೆ, ಅದನ್ನು ಮರೆಯುವುದು ನ್ಯಾಯವಲ್ಲ. ಆದರೆ ಲಕ್ಷಾಂತರ ಸೈಲೆನ್ಸರುಗಳಿಗೆ ಸೋಸುಕ ಹಾಕಿ ಕಾಯುವುದಕ್ಕಿಂತ ಕೆಲವೇ ಚಿಮಣಿಗಳನ್ನು ಹದ್ದುಬಸ್ತಿನಲ್ಲಿಡುವುದು ಸುಲಭ.

ಟೈರ್ ಸವೆದು ಏಳುವ ಪುಡಿ, ರಸ್ತೆಯ ದೂಳು ವಿದ್ಯುತ್ ಕಾರಿನಲ್ಲೂ ತಪ್ಪಿದ್ದಲ್ಲ. ಬ್ರೇಕಿನ ಪುಡಿ ಕಡಿಮೆ, ಯಾಕೆಂದರೆ ಅರ್ಧ ಕೆಲಸವನ್ನು ಮೋಟಾರೇ ಮಾಡುತ್ತದೆ. ಟೈರಿನ ಸವೆತ ಮಾತ್ರ ತೂಕವನ್ನು ಅವಲಂಬಿಸಿದೆ. ಎರಡು ಟನ್ ತೂಗುವ ವಿದ್ಯುತ್ ಎಸ್‌ಯುವಿ ಈ ವಿಷಯದಲ್ಲಿ ಪೆಟ್ರೋಲ್ ಕಾರಿಗಿಂತ ಕೆಟ್ಟದಾಗಲೂಬಹುದು. ಏಳು ಕ್ವಿಂಟಾಲಿಗೂ ಕಡಿಮೆ ತೂಕದ ರೇವಾದಂಥದಕ್ಕೆ ಆ ಭಯವಿಲ್ಲ.

ಶಬ್ದದ ಮಾತು. ಗಂಟೆಗೆ 30–40 ಕಿ.ಮೀ. ದಾಟಿದ ಮೇಲೆ ಯಾವ ಕಾರಿನಲ್ಲೂ ಟೈರಿನ ಸದ್ದೇ ಎಂಜಿನ್ ಸದ್ದನ್ನು ಮೀರುತ್ತದೆ. ಹಾಗಾಗಿ ಹೆದ್ದಾರಿಯಲ್ಲಿ ವಿದ್ಯುತ್ ಕಾರಿನಿಂದ ಹೆಚ್ಚೇನೂ ನಿಶ್ಶಬ್ದ ಸಿಗದು. ಬಡಾವಣೆಯ ಅಡ್ಡರಸ್ತೆಯಲ್ಲಿ ಸಿಗುತ್ತದೆ. ಅದೇ ನಿಶ್ಶಬ್ದ ಕಣ್ಣು ಕಾಣದವರಿಗೆ ಅಪಾಯವೂ ಆಗಬಲ್ಲದು, ಅದಕ್ಕೇ ಹಲವು ದೇಶಗಳಲ್ಲಿ ನಿಧಾನ ಚಲಿಸುವಾಗ ವಿದ್ಯುತ್ ಕಾರು ಕೃತಕವಾಗಿ ಸದ್ದು ಮಾಡಬೇಕೆಂಬ ನಿಯಮವಿದೆ.

ರೇವಾದ ಗುಣವನ್ನು ಬೆಂಗಳೂರಿಗಿಂತ ಮೊದಲು ಗುರುತಿಸಿದ್ದು ಲಂಡನ್. ಅಲ್ಲಿ 2003ರ ಫೆಬ್ರವರಿ 17ರಿಂದ ನಗರದ ಮಧ್ಯಭಾಗಕ್ಕೆ ಬರುವ ವಾಹನಗಳ ಮೇಲೆ ದಿನಕ್ಕೆ ಐದು ಪೌಂಡ್ ದಟ್ಟಣೆ ಶುಲ್ಕ ಹೇರಲಾಯಿತು, 2005ರಲ್ಲಿ ಅದು ಎಂಟು ಪೌಂಡಿಗೇರಿತು. ವಿದ್ಯುತ್ ವಾಹನಗಳಿಗೆ ಆಗ ಪೂರ್ತಿ ವಿನಾಯಿತಿಯಿತ್ತು. ‘ಜಿ-ವಿಜ್’ ಎಂಬ ಹೆಸರಿನಲ್ಲಿ ಅಲ್ಲಿ ಮಾರಾಟವಾದ ಬೊಮ್ಮಸಂದ್ರದ ಕಾರು ಲಂಡನ್ನಿನ ಬೀದಿಗಳಲ್ಲಿ ಅತಿ ಹೆಚ್ಚು ಕಾಣಸಿಗುವ ವಿದ್ಯುತ್ ಕಾರಾಯಿತು. ನಿಸಾನ್, ಟೆಸ್ಲಾಗಳ ಕಾರುಗಳು ಇನ್ನೂ ಮನೆಮಾತಾಗದಿದ್ದ ಕಾಲ ಅದು. ಒಂದೇ ಕಾರು, ಎರಡು ಊರು. ಬೆಂಗಳೂರಿನಲ್ಲಿ ಪೆಟ್ರೋಲ್ ಕಾರು ಊರ ನಡುವೆ ಬಂದರೆ ಅದಕ್ಕೆ ಪ್ರತ್ಯೇಕ ಬೆಲೆಯಿರಲಿಲ್ಲ, ವಿದ್ಯುತ್ ಕಾರು ಕೊಂಡವರಿಗೆ ಅದರಿಂದ ಸಿಗಬೇಕಾದ ಲಾಭವೂ ಸಿಗಲಿಲ್ಲ. ಹೊಗೆಗೆ ಬೆಲೆ ಕಟ್ಟಿದ ಊರಿನಲ್ಲಿ ಹೊಗೆಯಿಲ್ಲದ ಕಾರಿಗೆ ಬೆಲೆ ಬಂತು. ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಹೋದರೂ ರೇವಾದ ಒಟ್ಟು ಮಾರಾಟ ನಾಲ್ಕು ಸಾವಿರದ ಆಚೀಚೆಯೇ ಉಳಿಯಿತು.

ಅದರ ಕೊರತೆಗಳನ್ನೂ ಹೇಳಬೇಕು. ಯುರೋಪಿನಲ್ಲಿ ಅದು ಕಾರು ಎಂದಲ್ಲ, ನಾಲ್ಕು ಚಕ್ರದ ಹಗುರ ವಾಹನ ಎಂಬ ವರ್ಗದಲ್ಲಿ ನೋಂದಣಿಯಾಗುತ್ತಿತ್ತು. ಆ ವರ್ಗಕ್ಕೆ ಅಪಘಾತ ಪರೀಕ್ಷೆ ಕಡ್ಡಾಯವಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ನಡೆದ ಡಿಕ್ಕಿ ಪರೀಕ್ಷೆಗಳ ಫಲಿತಾಂಶ ಒಳಗೆ ಕೂತವರ ಸುರಕ್ಷೆಯ ಬಗ್ಗೆ ಗಂಭೀರ ಪ್ರಶ್ನೆಗಳನ್ನು ಎತ್ತಿತು. ಹಗುರತನದ ಇನ್ನೊಂದು ಮುಖ ಇದು. ಪರಿಸರಕ್ಕೆ ಒಳ್ಳೆಯದೆಂಬ ಕಾರಣಕ್ಕೆ ಕೂತವರ ಜೀವ ಅಗ್ಗವಾಗಬಾರದು. ರಸ್ತೆಯಲ್ಲಿ ದೊಡ್ಡ ವಾಹನಗಳು ದೊಡ್ಡದಾಗುತ್ತ ಹೋದಷ್ಟೂ ಸಣ್ಣ ಕಾರಿನವರಿಗೆ ಅಪಾಯ ಹೆಚ್ಚುತ್ತದೆ ಎಂಬುದೂ ಅಷ್ಟೇ ನಿಜ. ಈ ಅಪಾಯದ ಹೊಣೆ ಸಣ್ಣ ಕಾರಿನದು ಮಾತ್ರವಲ್ಲ.

ಬ್ಯಾಟರಿಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. ರೇವಾದ ಸೀಸದ ಬ್ಯಾಟರಿಗಳು ಸಾಮಾನ್ಯವಾಗಿ ಮೂರು ವರ್ಷದ ಸುಮಾರಿಗೆ ಸೊರಗುತ್ತಿದ್ದವು. ಸೀಸವನ್ನು ಕರಗಿಸಿ ಮತ್ತೆ ಮತ್ತೆ ಬಳಸಬಹುದು, ಹಳೆಯ ಬ್ಯಾಟರಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆಯೂ ಇದೆ. ಸಮಸ್ಯೆ ಇರುವುದು ಆ ಗುಜರಿಯಲ್ಲೇ. ಊರಾಚೆಯ ಶೆಡ್ಡುಗಳಲ್ಲಿ ಬ್ಯಾಟರಿ ಒಡೆದು, ಆಮ್ಲವನ್ನು ಚರಂಡಿಗೆ ಚೆಲ್ಲಿ, ತೆರೆದ ಒಲೆಯಲ್ಲಿ ಸೀಸ ಕರಗಿಸಿದಾಗ ಏಳುವ ಹೊಗೆ ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರುತ್ತದೆ, ಅವರ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಬ್ಯಾಟರಿ ತಯಾರಿಸಿದವರೇ ಅದನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆ ಹೊರಬೇಕೆಂಬ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರಲ್ಲಿ ಜಾರಿಗೆ ಬಂದಿವೆ. ಶೆಡ್ಡಿನ ಒಲೆಗಳು ಆರಿದಾಗಲೇ ಅವುಗಳಿಗೆ ಅರ್ಥ.

ಲಿಥಿಯಂ ಬ್ಯಾಟರಿ ಅಷ್ಟೇ ವಿದ್ಯುತ್ತನ್ನು ಮೂರನೇ ಒಂದು ಪಾಲು ತೂಕದಲ್ಲಿ ಹಿಡಿಯುತ್ತದೆ, ಹಲವು ಪಟ್ಟು ಹೆಚ್ಚು ಬಾಳುತ್ತದೆ. 2009ರಲ್ಲಿ ರೇವಾದಲ್ಲೂ ಲಿಥಿಯಂ ಮಾದರಿ ಬಂತು. ಆದರೆ ಅದನ್ನು ತಯಾರಿಸುವುದು ಶಕ್ತಿ ನುಂಗುವ ಕೆಲಸ. ಒಂದು ಯೂನಿಟ್ ಸಾಮರ್ಥ್ಯದ ಲಿಥಿಯಂ ಬ್ಯಾಟರಿಯ ಹಿಂದೆ 60ರಿಂದ 100 ಕಿಲೋ ಇಂಗಾಲದ ಡೈಆಕ್ಸೈಡ್ ಇದೆಯೆಂದು ಸಾಮಾನ್ಯವಾಗಿ ಲೆಕ್ಕ ಹಿಡಿಯಲಾಗುತ್ತದೆ. ಹದಿನೇಳು ಯೂನಿಟ್ಟಿನ ಸಣ್ಣ ಕಾರಿಗೆ ಇದು ಒಂದರಿಂದ ಒಂದು ಮುಕ್ಕಾಲು ಟನ್. ವರ್ಷಕ್ಕೆ ಮುಕ್ಕಾಲು ಟನ್ ಉಳಿಸುವ ಕಾರು ಈ ಸಾಲವನ್ನು ಎರಡು ವರ್ಷದ ಆಸುಪಾಸಿನಲ್ಲಿ ತೀರಿಸಿ, ಉಳಿದ ಆಯುಷ್ಯವೆಲ್ಲ ಲಾಭದಲ್ಲೇ ಓಡುತ್ತದೆ. 75 ಯೂನಿಟ್ಟಿನ ಬ್ಯಾಟರಿ ಹೊತ್ತ ದೊಡ್ಡ ಕಾರು ಹುಟ್ಟುವಾಗಲೇ ನಾಲ್ಕೂವರೆಯಿಂದ ಏಳೂವರೆ ಟನ್ ಸಾಲ ಹೊತ್ತಿರುತ್ತದೆ. ಅದರ ಭಾರಕ್ಕೆ ಪ್ರತಿ ಕಿಲೋಮೀಟರಿಗೂ ವಿದ್ಯುತ್ ಹೆಚ್ಚು ಬೇಕು. ಊರೊಳಗಿನ ಮೂವತ್ತು ನಲವತ್ತು ಕಿ.ಮೀ. ಓಡಾಟಕ್ಕೆ 500 ಕಿ.ಮೀ.ನಷ್ಟು ಬ್ಯಾಟರಿಯನ್ನು ದಿನವೂ ಹೊತ್ತು ತಿರುಗುವುದೆಂದರೆ ಸಂತೆಗೆ ಹೋಗಲು ಇಡೀ ಕಣಜವನ್ನೇ ಗಾಡಿಗೇರಿಸಿದ ಹಾಗೆ.

ಗಣಿಯ ಕಡೆಯಿಂದ ನೋಡಿದರೂ ಗಾತ್ರದ ಮಾತೇ ಮುಂದೆ ಬರುತ್ತದೆ. ಜಗತ್ತಿನ ಕೋಬಾಲ್ಟಿನಲ್ಲಿ ಹೆಚ್ಚಿನ ಪಾಲು ಕಾಂಗೋದ ಗಣಿಗಳದು, ಅಲ್ಲಿ ಮಕ್ಕಳೂ ಕೈಯಲ್ಲೇ ಅದಿರು ಅಗೆಯುವ ಸ್ಥಿತಿಯಿದೆ. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಎಲ್‌ಎಫ್‌ಪಿ ಬ್ಯಾಟರಿಗೆ ಕೋಬಾಲ್ಟ್ ಬೇಡ. ಅದಕ್ಕೆ ಜಾಗ ಸ್ವಲ್ಪ ಹೆಚ್ಚು ಬೇಕಾದರೂ ಕಡಿಮೆ ದೂರ ಓಡುವ ಸಣ್ಣ ಕಾರಿಗೆ ಹೇಳಿ ಮಾಡಿಸಿದ್ದು. ಇನ್ನು ಲಿಥಿಯಂ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ 1,600 ಟನ್ ಲಿಥಿಯಂ ಇದೆಯೆಂದು ಅಂದಾಜಿಸಿದೆ. ಒಂದು ಯೂನಿಟ್ ಸಾಮರ್ಥ್ಯಕ್ಕೆ ಸುಮಾರು 100 ಗ್ರಾಂ ಲಿಥಿಯಂ ಬೇಕು. ಅಷ್ಟೂ ಕೈಗೆ ಸಿಗುವುದಿಲ್ಲ, ಸಿಕ್ಕಿತೆಂದೇ ಊಹಿಸಿದರೆ ಅದರಿಂದ 60 ಯೂನಿಟ್ಟಿನ ಎರಡೂಮುಕ್ಕಾಲು ಲಕ್ಷ ಕಾರಿಗಿಂತ ಹೆಚ್ಚು ಆಗದು. ರೇವಾದಂಥ ಹತ್ತು ಯೂನಿಟ್ಟಿನ ಕಾರಾದರೆ ಹದಿನಾರು ಲಕ್ಷ. ನೆಲ ಅಗೆಯುವ ಅನಿವಾರ್ಯ ಬಂದರೂ ಅಗೆದದ್ದು ಎಷ್ಟು ಜನಕ್ಕೆ ಒದಗುತ್ತದೆ ಎಂಬುದನ್ನು ತೀರ್ಮಾನಿಸುವುದು ಕಾರಿನ ಗಾತ್ರ.

ಜಾಗವೂ ಪರಿಸರದ ವಿಷಯವೇ. ರೇವಾ ನಿಂತಾಗ ಮುಚ್ಚುವ ನೆಲ ಮೂರೂವರೆ ಚದರ ಮೀಟರ್. ಇಂದಿನ ಮಧ್ಯಮ ಗಾತ್ರದ ಎಸ್‌ಯುವಿ ಅದರ ಎರಡರಷ್ಟಕ್ಕಿಂತ ಹೆಚ್ಚು ಮುಚ್ಚುತ್ತದೆ. ಪಾರ್ಕಿಂಗಿಗಾಗಿ ಕಾಂಕ್ರೀಟ್ ಹಾಸಿದ ಪ್ರತಿ ಚದರ ಮೀಟರೂ ಮಳೆನೀರು ಇಂಗದ, ಮರ ಬೆಳೆಯದ, ರಾತ್ರಿಯೂ ಬಿಸಿ ಬಿಡುವ ನೆಲ.

ಇಷ್ಟಾಗಿಯೂ ಸಣ್ಣ ವಿದ್ಯುತ್ ಕಾರನ್ನು ಬಸ್ಸಿನ ಜಾಗದಲ್ಲಿ ನಿಲ್ಲಿಸಲಾಗದು. ವಿದ್ಯುತ್ ಬಸ್ಸು ಕಿಲೋಮೀಟರಿಗೆ ಒಂದು, ಒಂದೂಕಾಲು ಯೂನಿಟ್ ಬಳಸಿ ನಲವತ್ತು ಜನರನ್ನು ಒಯ್ಯುತ್ತದೆ, ತಲೆಗೆ 0.03 ಯೂನಿಟ್ ಬೀಳುತ್ತದೆ. ಒಬ್ಬರೇ ಕೂತ ಸಣ್ಣ ಕಾರಿನಲ್ಲಿ ಅದರ ನಾಲ್ಕು ಪಟ್ಟು. ವಾಹನಗಳ ಸಾಲು ವಿದ್ಯುತ್ತಿನದಾದರೂ ಸಾಲೇ. ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಬಸ್ಸು ಸೇರದ ಬಡಾವಣೆಯಲ್ಲಿ, ಅಪರಾತ್ರಿಯಲ್ಲಿ ಕಾರು ಬೇಕೇ ಬೇಕು. ಆ ಜಾಗಕ್ಕೆ ಪುಟ್ಟ ವಿದ್ಯುತ್ ಕಾರು ಸರಿ.

2010ರ ಮೇ ತಿಂಗಳಲ್ಲಿ ಮಹೀಂದ್ರ ಸಮೂಹ ರೇವಾದ ಬಹುಪಾಲು ಷೇರು ಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ, ಪೂರ್ತಿ ಚಾರ್ಜಿಗೆ 100 ಕಿ.ಮೀ. ಓಡುವ ‘ಇ2ಒ’ ಬಂತು, 2019ರಲ್ಲಿ ನಿಂತಿತು. ವಿದ್ಯುತ್ ವಾಹನಗಳಿಗಾಗಿ 2017ರಲ್ಲೇ ನೀತಿ ಪ್ರಕಟಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. 2019ರ ಆಗಸ್ಟಿನಿಂದ ಈ ವಾಹನಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಅನುಕೂಲಗಳು ಕೂಡಿಬರುವ ಹೊತ್ತಿಗೆ ಬೆಂಗಳೂರಿನ ಪುಟ್ಟ ಕಾರು ಮಾರುಕಟ್ಟೆಯಿಂದ ಹೊರಟಿತ್ತು ಎಂಬುದು ನೋವಿನ ಸಂಗತಿ. ಅದರ ಲೆಕ್ಕಾಚಾರ ಮಾತ್ರ ತಪ್ಪಿರಲಿಲ್ಲ. 2020ರಲ್ಲಿ ಚೀನಾದಲ್ಲಿ ಬಂದ ವುಲಿಂಗ್ ಹಾಂಗ್‌ಗುವಾಂಗ್ ಮಿನಿ ಎಂಬ ಕಾರಿನ ಚಿಕ್ಕ ಮಾದರಿಯ ಬ್ಯಾಟರಿ 9.3 ಯೂನಿಟ್ಟಿನದು, ಹೆಚ್ಚುಕಡಿಮೆ ರೇವಾದಷ್ಟೇ. ಅಲ್ಲಿ ಅದು ಲಕ್ಷಗಟ್ಟಲೆ ಮಾರಾಟವಾಯಿತು. ಜಪಾನಿನಲ್ಲಿ 2022ರಲ್ಲಿ ಬಂದ 20 ಯೂನಿಟ್ಟಿನ ನಿಸಾನ್ ಸಕುರಾ ಅಲ್ಲಿನ ಅತಿ ಜನಪ್ರಿಯ ವಿದ್ಯುತ್ ಕಾರಾಯಿತು. ಭಾರತದಲ್ಲೂ 2022ರಲ್ಲಿ ಟಾಟಾ ಟಿಯಾಗೊದ ವಿದ್ಯುತ್ ಮಾದರಿ, 2023ರಲ್ಲಿ ಮೂರು ಮೀಟರಿಗೂ ಗಿಡ್ಡದಾದ, 17.3 ಯೂನಿಟ್ಟಿನ ಎಂಜಿ ಕಾಮೆಟ್ ಬಂದಿವೆ.

ಬೊಮ್ಮಸಂದ್ರದಲ್ಲಿ ಬೆಳೆದ ತಂತ್ರಜ್ಞಾನ ಮೂರು ಚಕ್ರದ ದಾರಿ ಹಿಡಿಯಿತು. ರೇವಾವನ್ನು ಕೊಂಡ ಕಂಪನಿ 2018ರ ನವೆಂಬರಿನಲ್ಲಿ ‘ಟ್ರಿಯೊ’ ಎಂಬ ವಿದ್ಯುತ್ ಆಟೋವನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿತು. ಚೇತನ್ ಮೈನಿ ಅವರು ಸ್ಥಾಪಕರಲ್ಲೊಬ್ಬರಾದ ಸನ್ ಮೊಬಿಲಿಟಿ ಕಂಪನಿ ಆಟೋ, ದ್ವಿಚಕ್ರ ವಾಹನಗಳಿಗೆ ಖಾಲಿ ಬ್ಯಾಟರಿ ತೆಗೆದು ತುಂಬಿದ್ದನ್ನು ಕೂರಿಸಿಕೊಡುವ ವ್ಯವಸ್ಥೆಯಲ್ಲಿ ತೊಡಗಿದೆ. ಟ್ರಿಯೊ ಆಟೋದ ಬ್ಯಾಟರಿ 7.37 ಯೂನಿಟ್ಟಿನದು, ರೇವಾದ ಎಂಟು ಬ್ಯಾಟರಿಗಳಿಗಿಂತಲೂ ಚಿಕ್ಕದು. ಒಂದು ಚಾರ್ಜಿಗೆ ಅದು ನೂರು ಕಿ.ಮೀ.ಗೂ ಹೆಚ್ಚು ಓಡುತ್ತದೆ, ಬೆಳಗಿನಿಂದ ಸಂಜೆಯವರೆಗೆ ಮೂರು ಮೂರು ಜನರನ್ನು ಹತ್ತಿಸಿಕೊಂಡು.